ಬಂದವರು ನಿಲ್ಲಬೇಕು, ಇದ್ದವರು ಉಳಿಯಬೇಕು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ದಿನ ನಾಲ್ಕು ಮಾತು ಆಡಬೇಕೆಂದು ಮಂಡಳಿಯವರು ಕೇಳಿಕೊಂಡಾಗ "ಯಾವ ವಿಷಯ ಮಾತಾಡೋಣ್ರಿ?" ಎಂದು ನಾವು ಕೇಳಿದೆವು. "ಒಂದು ಊರಿಗೆ ಕಾರ್ಖಾನೆ, ವ್ಯಾಪಾರ ಹೆಂಗ ಬರತಾವು, ಬಂದದ್ದು ಹೆಂಗ ನಿಲ್ಲತಾವು, ನಮ್ಮ ಕಡೆ ಯಾಕ ಬರವಲ್ಲವು, ಅದನ್ನ ಹೇಳ್ರಿ" ಅಂದರು. ವಿಷಯ ದೊಡ್ಡದು. ನಾವು ಅರ್ಥಶಾಸ್ತ್ರ ಓದಿದ ಪಂಡಿತರಲ್ಲ. ಆದರೆ ಕಣ್ಣಾರೆ ಕಂಡದ್ದು, ಓದಿ ತಿಳಿದದ್ದು ಕೆಲವು ಸಂಗತಿಗಳಿವೆ. ಅವನ್ನು ನಿಮ್ಮ ಮುಂದೆ ಇಡುತ್ತೇವೆ. ತಪ್ಪಿದ್ದರೆ ತಿದ್ದಬೇಕು.

ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಗಾದೆ ಒಂದುಂಟು. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು. ಹಂಪಿ ವಿಸ್ತಾರವಾದದ್ದು, ತಿರುಗಾಡಿ ನೋಡಲಿಕ್ಕೆ ಕಾಲು ಗಟ್ಟಿ ಬೇಕು. ಕನಕಗಿರಿಯ ಶಿಲ್ಪ ನೋಡಲಿಕ್ಕೆ ಕಣ್ಣು ಬೇಕು. ವಿಜಯನಗರದ ಕಾಲದಲ್ಲಿ ಇಲ್ಲಿನ ನಾಯಕರು ಕನಕಾಚಲಪತಿಯ ಗುಡಿಯನ್ನು ಬೆಳೆಸಿದರು. ಅಶೋಕನ ಕಾಲದ ಸುವರ್ಣಗಿರಿ ಎಂದರೆ ನಮ್ಮ ಕನಕಗಿರಿಯೇ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಅಂಥ ಗುಡಿ ಕಟ್ಟಬೇಕಾದರೆ ಊರಲ್ಲಿ ಹಣ ಓಡಾಡಬೇಕು, ಕಲ್ಲುಕುಟಿಗ, ಬಡಿಗ, ಕಮ್ಮಾರ, ನೇಕಾರ, ವರ್ತಕ ಎಲ್ಲರೂ ನೆಲೆಸಿರಬೇಕು. ಈಗ ನೋಡಿದರೆ ಬೇಸಿಗೆ ಬಂತೆಂದರೆ ನಮ್ಮ ಓಣಿಗಳಲ್ಲಿ ಬೀಗ ಹಾಕಿದ ಮನೆಗಳು ಕಾಣುತ್ತವೆ. ಕಾಲಿದ್ದವರು ಬೆಂಗಳೂರು, ಮಂಗಳೂರು ಕಡೆಗೆ ಗುಳೆ ಹೋಗಿರುತ್ತಾರೆ. ಮುದುಕರು, ಸಾಲಿಗೆ ಹೋಗುವ ಮಕ್ಕಳು ಅಷ್ಟೇ ಮನೆಯಲ್ಲಿ. ಆದ್ದರಿಂದ ಈ ವಿಷಯ ನಮಗೆ ಪುಸ್ತಕದ ವಿಷಯವಲ್ಲ, ಮನೆಯ ವಿಷಯ.

ವ್ಯಾಪಾರಸ್ಥರನ್ನು ಊರಿಗೆ ಕರೆಯುವುದು ಹೊಸ ಪದ್ಧತಿಯಲ್ಲ. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟಿದಾಗ ಕೋಟೆಯ ಜೊತೆಗೆ ಪೇಟೆ ಕಟ್ಟಿದರು. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಎಂಬ ಹೆಸರುಗಳು ಇವತ್ತಿಗೂ ಉಳಿದಿವೆ. ಒಂದೊಂದು ಕಸುಬಿನವರಿಗೆ ಒಂದೊಂದು ಬೀದಿ. ದಾವಣಗೆರೆಯ ಕಥೆಯೂ ಹಾಗೆಯೇ. ಹೈದರಾಲಿ ಆ ಊರನ್ನು ಅಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆತ ವರ್ತಕರನ್ನು ಕರೆದು ನೆಲೆಗೊಳಿಸಿದ. ಸಣ್ಣ ಹಳ್ಳಿ ದೊಡ್ಡ ಪೇಟೆಯಾಯಿತು.

ಇದಕ್ಕೂ ಹಿಂದಿನದು ಒಂದು ಹೇಳುತ್ತೇವೆ. ಕಾಕತೀಯರ ಗಣಪತಿದೇವ 1244ರಲ್ಲಿ ಆಂಧ್ರದ ಸಮುದ್ರ ತೀರದ ಮೋಟುಪಲ್ಲಿ ಎಂಬ ಬಂದರಿನಲ್ಲಿ ಒಂದು ಶಾಸನ ಹಾಕಿಸಿದ. ಆಗಿನ ಕಾಲದಲ್ಲಿ ಬಿರುಗಾಳಿಗೆ ಹಡಗು ಒಡೆದು ಸರಕು ದಡಕ್ಕೆ ಬಂದರೆ ಅದು ರಾಜನ ಪಾಲು. ಮುಳುಗಿದವನ ಮೇಲೆ ಮತ್ತೊಂದು ಕಲ್ಲು ಹಾಕಿದಂತೆ. ಗಣಪತಿದೇವ ಅದನ್ನು ಬಿಟ್ಟ. ಗೊತ್ತುಮಾಡಿದ ಸುಂಕ ಇಷ್ಟು, ಅದರ ಹೊರತು ಏನೂ ತೆಗೆದುಕೊಳ್ಳುವುದಿಲ್ಲ, ನಿಮ್ಮ ಸರಕಿಗೆ ಭಯವಿಲ್ಲ ಎಂದು ಅಭಯ ಕೊಟ್ಟ. ನೋಡಿರಿ, ಆತ ಸುಂಕ ಪೂರಾ ಮಾಫಿ ಮಾಡಲಿಲ್ಲ. ಸುಂಕ ಎಷ್ಟು ಅನ್ನೋದನ್ನು ಖಾತ್ರಿ ಮಾಡಿದ. ವ್ಯಾಪಾರಸ್ಥ ಹೆಚ್ಚಿನ ಖರ್ಚು ಬೇಕಾದರೆ ತಡಕೊಂಡಾನು, ನಾಳೆ ಏನಾದೀತು ಎಂಬುದು ಗೊತ್ತಿಲ್ಲದಿದ್ದರೆ ತಡಕೊಳ್ಳುವುದಿಲ್ಲ. ಈ ಮಾತು ನೆನಪಿನಲ್ಲಿ ಇರಲಿ, ಕೊನೆಗೆ ಮತ್ತೆ ಬರುತ್ತೇವೆ.

ಇನ್ನು ನಮ್ಮ ರಾಜ್ಯದ ದೊಡ್ಡ ಉದಾಹರಣೆ ಬೆಂಗಳೂರು. ಬೆಂಗಳೂರಿಗೆ ಕಂಪನಿಗಳು ಯಾಕೆ ಬಂದವು ಎಂದು ಯಾರನ್ನಾದರೂ ಕೇಳಿದರೆ "ಹವಾ ಚಲೋ ಐತ್ರಿ" ಅಂತಾರೆ. ಹವಾ ಊಟಿಯಲ್ಲೂ ಚಲೋ ಐತಿ. ನಿಜವಾದ ಕಾರಣ ಬಹಳ ಹಿಂದೆ ಇದೆ. ಜಮಶೇಟಜಿ ಟಾಟಾ ಅವರು ಯೋಚಿಸಿದ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ 371 ಎಕರೆ ಜಾಗ, 5 ಲಕ್ಷ ರೂಪಾಯಿ ಕೊಟ್ಟಿತು. 1909ರಲ್ಲಿ ಆ ಸಂಸ್ಥೆ ಸ್ಥಾಪನೆಯಾಯಿತು. ಅದಕ್ಕೂ ಮೊದಲೇ ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬಂದಿತ್ತು. 1940ರಲ್ಲಿ ವಾಲಚಂದ ಹೀರಾಚಂದ ಅವರು ವಿಮಾನದ ಕಾರ್ಖಾನೆ ಹಾಕಬೇಕೆಂದು ಹೊರಟಾಗ ಮೈಸೂರು ಸರ್ಕಾರ ಜಾಗ ಕೊಟ್ಟಿತು, ಜೊತೆಗೆ ತಾನೂ ಷೇರು ಹಾಕಿ ಪಾಲುದಾರನಾಯಿತು. ಬರೀ ರಿಯಾಯಿತಿ ಕೊಟ್ಟು ಕೈಕಟ್ಟಿ ಕೂಡಲಿಲ್ಲ. 1942ರಲ್ಲಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿದ್ಯೆಯ ವಿಭಾಗ ಶುರುವಾಯಿತು. ಮುಂದೆ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. ಇವುಗಳಲ್ಲಿ ಕೆಲಸ ಕಲಿತ ಸಾವಿರಾರು ಕೈಗಳು ಊರಲ್ಲಿ ನಿಂತವು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು ಇಂಥ ಕಲಿತ ಜನರನ್ನು ನೋಡಿ. ಅಂದರೆ 1909ರಲ್ಲಿ ನೆಟ್ಟ ಗಿಡ 1985ರಲ್ಲಿ ಹಣ್ಣು ಕೊಟ್ಟಿತು. ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಮುಚ್ಚಿಹೋಯಿತು, ಆದರೆ ಕಲಿತ ವಿದ್ಯೆ ಮುಚ್ಚಲಿಲ್ಲ.

ಇದಕ್ಕೆ ಎದುರಾಗಿ ಮತ್ತೆ ದಾವಣಗೆರೆ ನೋಡೋಣ. 1930ರ ದಶಕದಿಂದ ಅಲ್ಲಿ ಹತ್ತಿಯ ಗಿರಣಿಗಳು ಒಂದರ ಹಿಂದೆ ಒಂದು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಯಿತು. ಯಂತ್ರಗಳು ಹಳೆಯವಾದವು, ಹೊಸ ಯಂತ್ರಕ್ಕೆ ಹಣ ಹಾಕಲಿಲ್ಲ, ಕಾರ್ಮಿಕರ ತಂಟೆ ಬೆಳೆಯಿತು, ಪವರ್‌ಲೂಮ್ ಬಟ್ಟೆ ಅಗ್ಗವಾಗಿ ಬಂತು. ಶತಮಾನ ಮುಗಿಯುವ ಹೊತ್ತಿಗೆ ಗಿರಣಿಗಳ ಸಿಳ್ಳು ನಿಂತಿತ್ತು. ಕರೆಯುವಾಗ ಇದ್ದ ಉಮೇದು ಉಳಿಸಿಕೊಳ್ಳುವಾಗ ಇರಲಿಲ್ಲ. ಪುಣ್ಯಕ್ಕೆ ಊರಲ್ಲಿ ಪೇಟೆ ಇತ್ತು, ಕಾಲೇಜುಗಳು ಬೆಳೆದಿದ್ದವು, ಊರು ಬಿದ್ದುಹೋಗಲಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ನಾಲೆಯ ನೀರು ಗಂಗಾವತಿ, ಕಾರಟಗಿ ಸೀಮೆಗೆ ಹರಿಯಿತು. ಕರಾವಳಿ ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿಕೊಂಡು ಭತ್ತ ಬೆಳೆದರು. ಭತ್ತ ಬಂದಲ್ಲಿಗೆ ಅಕ್ಕಿ ಗಿರಣಿ ಬಂದವು. ಗಿರಣಿ ಬಂದಲ್ಲಿಗೆ ಲಾರಿ, ಗ್ಯಾರೇಜು, ಚೀಲದ ಅಂಗಡಿ, ಹಮಾಲರು, ಬ್ಯಾಂಕು, ದಲಾಲಿ ಅಂಗಡಿ ಎಲ್ಲ ಬಂದವು. ಆ ಗಿರಣಿಗಳವರಿಗೆ ಯಾರೂ ಬೆಂಗಳೂರಿನಲ್ಲಿ ಸಮಾವೇಶ ಮಾಡಿ ಹಾರ ಹಾಕಿ ಕರೆದಿರಲಿಲ್ಲ. ನೀರೇ ಕರೆಯಿತು. ಆ ನೀರು ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ನೋಡಿದೆವು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂಡಿಸುವ ತನಕ ಹೊಲದವನಿಗೆ ಎಷ್ಟು ನಿದ್ದೆ ಇರಲಿಲ್ಲವೋ ಗಿರಣಿಯವನಿಗೂ ಅಷ್ಟೇ ಇರಲಿಲ್ಲ.

ಕನಕಗಿರಿ ಸೀಮೆಯ ಬಹಳಷ್ಟು ಹೊಲ ಮಾತ್ರ ಮಳೆ ನಂಬಿಕೊಂಡೇ ಉಳಿಯಿತು. ಸಜ್ಜೆ, ಜೋಳ, ಶೇಂಗಾ, ತೊಗರಿ ನಮ್ಮ ಬೆಳೆ. ಹತ್ತಾರು ಮೈಲಿ ದೂರದ ಗಂಗಾವತಿಗೂ ನಮಗೂ ಇಷ್ಟು ಅಂತರ ಬಿದ್ದದ್ದು ಜನರ ಬುದ್ಧಿಯಿಂದಲ್ಲ, ನಾಲೆಯ ದಾರಿಯಿಂದ.

ಗಿಣಿಗೇರಿ ಕಡೆ ನೋಡಿದರೆ 1990ರ ದಶಕದಿಂದ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು ಬಂದವು. ಯಾಕೆ ಅಲ್ಲಿಗೇ ಬಂದವು? ಸಂಡೂರು-ಹೊಸಪೇಟೆಯ ಅದಿರು ಹತ್ತಿರ, ತುಂಗಭದ್ರೆಯ ನೀರು ಹತ್ತಿರ, ಗುಂತಕಲ್-ಹುಬ್ಬಳ್ಳಿಯ ಹಳೇ ರೈಲುದಾರಿ ಪಕ್ಕದಲ್ಲೇ, ಹೆದ್ದಾರಿಯೂ ಪಕ್ಕದಲ್ಲೇ. ರೈಲಿನ ಮಾತು ಬಂದದ್ದಕ್ಕೆ ಹೇಳುತ್ತೇವೆ. ಮುನಿರಾಬಾದ್-ಮೆಹಬೂಬನಗರ ರೈಲುದಾರಿ 1997-98ರಲ್ಲಿ ಮಂಜೂರಾಯಿತು. ಗಂಗಾವತಿಗೆ ರೈಲು ಬರಲಿಕ್ಕೆ ಸುಮಾರು 20 ವರ್ಷ ಹಿಡಿಯಿತು. ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಇಷ್ಟು ವರ್ಷ ರೈಲಿಲ್ಲದ ತಾಲ್ಲೂಕಿಗೆ ಕಾರ್ಖಾನೆ ಬರಲಿಲ್ಲ ಎಂದು ಬೈದರೆ ಏನು ಪ್ರಯೋಜನ?

ಭಾನಾಪುರದ ಹತ್ತಿರ ಸುಮಾರು 400 ಎಕರೆಯಲ್ಲಿ ಆಟಿಕೆ ತಯಾರಿಸುವ ಕೈಗಾರಿಕಾ ಸಮುಚ್ಚಯಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ನಮ್ಮ ಜಿಲ್ಲೆಯನ್ನು ಆಟಿಕೆಗೆ ಆರಿಸಿದ್ದು ನೋಡಿ ನಮಗೆ ಸಂತೋಷವಾಯಿತು. ಯಾಕಂದರೆ ಕಿನ್ನಾಳದ ಚಿತ್ರಗಾರರು ತಲತಲಾಂತರದಿಂದ ಹಗುರ ಕಟ್ಟಿಗೆಯಲ್ಲಿ ಗೊಂಬೆ ಮಾಡುತ್ತ ಬಂದವರು. ಆದರೆ ಪ್ಲಾಸ್ಟಿಕ್ಕಿನ ಅಚ್ಚಿನ ಆಟಿಕೆ ಬೇರೆ, ಕಿನ್ನಾಳದ ಗೊಂಬೆ ಬೇರೆ. ದೊಡ್ಡ ಕಾರ್ಖಾನೆಗೆ ಜಾಗ, ರಸ್ತೆ, ವಿದ್ಯುತ್ತು ಕೊಡುವ ಉತ್ಸಾಹದಲ್ಲಿ ಒಂದು ಪಾಲಾದರೂ ಕಿನ್ನಾಳದ ಮನೆಗಳ ಕಡೆ ಇರಬೇಕು. ಬಂದವರನ್ನು ನೋಡುವಾಗ ಇದ್ದವರನ್ನು ಮರೆಯಬಾರದು.

ಈಗ ಸರ್ಕಾರಗಳು ಕರೆಯುವ ರೀತಿಯನ್ನು ನೋಡೋಣ. ಜಾಗ ಕಡಿಮೆ ಬೆಲೆಗೆ, ನೋಂದಣಿ ಮುದ್ರಾಂಕ ಮಾಫಿ, ವಿದ್ಯುತ್ತಿಗೆ ರಿಯಾಯಿತಿ, ಹಾಕಿದ ಬಂಡವಾಳದಲ್ಲಿ ಇಷ್ಟು ಪಾಲು ಸಹಾಯಧನ, ಎಲ್ಲ ಅನುಮತಿ ಒಂದೇ ಕಿಟಕಿಯಲ್ಲಿ. ನಮ್ಮ ರಾಜ್ಯದ ಕೈಗಾರಿಕಾ ನೀತಿಯಲ್ಲಿ ಹಿಂದುಳಿದ ತಾಲ್ಲೂಕುಗಳಿಗೆ ಈ ರಿಯಾಯಿತಿ ಹೆಚ್ಚು. ಇದು ನ್ಯಾಯವೇ. ಆದರೆ ಎಲ್ಲ ರಾಜ್ಯಗಳೂ ಇದೇ ಅಂಗಡಿ ತೆರೆದು ಕೂತಿವೆ. 2008ರಲ್ಲಿ ಪಶ್ಚಿಮ ಬಂಗಾಳದ ಸಿಂಗೂರಿನಿಂದ ಟಾಟಾ ನ್ಯಾನೋ ಕಾರ್ಖಾನೆ ಎದ್ದಾಗ ಹಲವು ರಾಜ್ಯಗಳು ಕರೆದವು, ಕರ್ನಾಟಕವೂ ಕರೆಯಿತು. ಅದು ಗುಜರಾತಿನ ಸಾಣಂದಕ್ಕೆ ಹೋಯಿತು. 2025ರ ಜುಲೈನಲ್ಲಿ ದೇವನಹಳ್ಳಿಯ ರೈತರ ಹೋರಾಟಕ್ಕೆ ಮಣಿದು ನಮ್ಮ ಸರ್ಕಾರ 1,777 ಎಕರೆ ಭೂಸ್ವಾಧೀನ ಕೈಬಿಟ್ಟಾಗ, ನೆರೆಯ ಆಂಧ್ರದ ಮಂತ್ರಿಗಳು "ವಿಮಾನ ಉದ್ಯಮದವರೆ, ನಮ್ಮಲ್ಲಿ ಜಾಗ ತಯಾರಿದೆ, ಬನ್ನಿ" ಎಂದು ತಕ್ಷಣ ಕರೆದರು. ಸಂತೆಯಲ್ಲಿ ಎತ್ತು ಮಾರುವವನು ಟವೆಲಿನ ಕೆಳಗೆ ಬೆರಳು ಹಿಡಿದು ಒಬ್ಬನ ದರ ಇನ್ನೊಬ್ಬನಿಗೆ ತೋರಿಸದಂತೆ ವ್ಯವಹಾರ ಮಾಡುತ್ತಾನೆ. ದೊಡ್ಡ ಕಂಪನಿಯವರೂ ಹಾಗೆಯೇ. ಈ ರಾಜ್ಯಕ್ಕೆ ಆ ರಾಜ್ಯವನ್ನು ತೋರಿಸುತ್ತಾರೆ.

ಸಾಣಂದದ ಮುಂದಿನ ಕಥೆ ಕೇಳಿರಿ. ನ್ಯಾನೋ ಕಾರು 2018ರ ಹೊತ್ತಿಗೆ ನಿಂತೇಹೋಯಿತು. ಅಲ್ಲೇ ಬಂದಿದ್ದ ಫೋರ್ಡ್ ಕಂಪನಿ 2021ರಲ್ಲಿ ಭಾರತದಲ್ಲಿ ಕಾರು ತಯಾರಿಸುವುದನ್ನೇ ಬಿಡುತ್ತೇವೆ ಅಂದಿತು. ಹಾಗಂತ ಸಾಣಂದ ಹಾಳಾಗಲಿಲ್ಲ. ಫೋರ್ಡ್ ಬಿಟ್ಟ ಕಾರ್ಖಾನೆಯನ್ನು ಟಾಟಾದವರು ಕೊಂಡರು. ಯಾಕಂದರೆ ಅಲ್ಲಿ ರಸ್ತೆ ಇತ್ತು, ವಿದ್ಯುತ್ತು ಇತ್ತು, ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳಿದ್ದವು, ಕೆಲಸ ಬಲ್ಲ ಕೈಗಳಿದ್ದವು. ಹೋಗುವವನು ಇವನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಲಿಕ್ಕೆ ಬರುವುದಿಲ್ಲ.

ಅಮೆರಿಕದಲ್ಲಿಯೂ ಒಂದು ಹಳ್ಳಿಯ ಕಥೆ ಇದೆ. ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಪ್ಲೆಸೆಂಟ್ ಅದರ ಹೆಸರು. 2017ರಲ್ಲಿ ಫಾಕ್ಸ್‌ಕಾನ್ ಕಂಪನಿ 1,000 ಕೋಟಿ ಡಾಲರು ಹಾಕುತ್ತೇವೆ, 13,000 ಜನಕ್ಕೆ ಕೆಲಸ ಕೊಡುತ್ತೇವೆ ಅಂದಿತು. ರಾಜ್ಯ ಸರ್ಕಾರ ಸುಮಾರು 300 ಕೋಟಿ ಡಾಲರಿನ ತನಕ ರಿಯಾಯಿತಿ ಕೊಡಲು ಒಪ್ಪಿತು. ಆ ಹಳ್ಳಿ ಸಾಲ ಮಾಡಿ ರಸ್ತೆ, ನೀರಿನ ವ್ಯವಸ್ಥೆ ಮಾಡಿತು. ಹೊಲ-ಮನೆಗಳನ್ನು ತೆರವು ಮಾಡಿಸಿತು. 2021ರಲ್ಲಿ ಹೊಸ ಕರಾರು ಬರೆದಾಗ 13,000 ಹೋಗಿ 1,454 ಕೆಲಸ ಎಂದಾಯಿತು. ರಾಜ್ಯ ಸರ್ಕಾರದವರು ಒಂದು ಜಾಣತನ ಮಾಡಿದ್ದರು. ಕೆಲಸ ಕೊಟ್ಟ ಮೇಲೆಯೇ ರಿಯಾಯಿತಿ ಎಂದು ಬರೆಸಿಕೊಂಡಿದ್ದರು. ಹಾಗಾಗಿ ಆ ಹಣದಲ್ಲಿ ಬಹುಪಾಲು ಕೊಡಬೇಕಾಗಲಿಲ್ಲ. ಆದರೆ ತೆರವಾದ ಮನೆಗಳು ಮತ್ತೆ ಬರಲಿಲ್ಲ. ಈ ಕಥೆಯನ್ನು ನಮ್ಮ ಗ್ರಾಮಸಭೆಯವರು ಗಂಟು ಹಾಕಿಟ್ಟುಕೊಳ್ಳಬೇಕು. ನಾಳೆ ನಮ್ಮ ಗೋಮಾಳ ಕೇಳಿಕೊಂಡು ಯಾರಾದರೂ ಬಂದರೆ ಬೇಕಾಗುತ್ತದೆ.

ಕರೆಯುವುದಕ್ಕೂ ಒಂದು ಮಿತಿ ಇದೆ ಎಂಬುದನ್ನು ನಮ್ಮ ಜಿಲ್ಲೆಯೇ ತೋರಿಸಿತು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹೂಡಿಕೆದಾರರ ದೊಡ್ಡ ಸಮಾವೇಶವಾಯಿತು. ಕೊಪ್ಪಳಕ್ಕೆ 54,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆ ಎಂದು ಪ್ರಕಟವಾಯಿತು. ಅದೇ ತಿಂಗಳ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಶ್ರೀಗಳು ಜನರ ಜೊತೆ ಬೀದಿಗೆ ಬಂದು ಮಾತಾಡಿದರು. ಈಗಿರುವ ಕಾರ್ಖಾನೆಗಳ ಹೊಗೆ, ಬೂದಿ ಸಾಕಾಗಿದೆ, ಊರಿನ ಮಗ್ಗುಲಲ್ಲೇ ಮತ್ತೊಂದು ಬೇಡ ಎಂದು ಜನ ಹೇಳಿದರು. ಮುಖ್ಯಮಂತ್ರಿಗಳು ಕಾಮಗಾರಿ ನಿಲ್ಲಿಸಲು ಸೂಚಿಸಿದರು. ಕೆಲವರು "ಬಂದ ಲಕ್ಷ್ಮೀನ ಒದ್ದರು" ಎಂದು ಆಡಿಕೊಂಡರು. ನಾವು ಹಾಗೆ ತಿಳಿಯುವುದಿಲ್ಲ. ಕೆಲಸ ಬೇಕೆನ್ನುವ ಹುಡುಗರ ಸಂಕಟವೂ ನಿಜ, ಕೆಮ್ಮುವ ಮಕ್ಕಳ ತಾಯಂದಿರ ಸಂಕಟವೂ ನಿಜ. ಎರಡನ್ನೂ ಮೊದಲೇ ಒಂದು ಕಡೆ ಕೂಡಿಸಿ ಕೇಳಿದ್ದರೆ ಬಂದ್ ಮಾಡುವ ಪ್ರಸಂಗ ಬರುತ್ತಿರಲಿಲ್ಲ. ಊರನ್ನು ಕೇಳದೆ ಬಂದದ್ದು ಊರಲ್ಲಿ ಗಟ್ಟಿಯಾಗಿ ನಿಲ್ಲುವುದು ಕಷ್ಟ.

ಇಷ್ಟು ಹೊತ್ತು ಬೇರೆಯವರ ತಪ್ಪು-ಒಪ್ಪು ಹೇಳಿದೆವು. ಈಗ ನಮ್ಮದನ್ನೂ ಹೇಳಬೇಕು. ಬೆಳ್ಳಿಹಬ್ಬದ ದಿನ ಬರೀ ಹೊಗಳಿಕೊಂಡರೆ ಸಾಲದು.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಆಗ ನಾವೂ ಈ ಸಂಘದ ಆಡಳಿತ ಮಂಡಳಿಯಲ್ಲಿದ್ದೆವು. ನಮ್ಮೂರ ಹುಡುಗನೊಬ್ಬ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಕೆಲಸ ಕಲಿತು ಊರಿಗೆ ಬಂದ. ಶೇಂಗಾ ಎಣ್ಣೆ ತೆಗೆಯುವ ಸಣ್ಣ ಮಿಲ್ಲು ಹಾಕ್ತೀನಿ, 2 ಲಕ್ಷ ಸಾಲ ಕೊಡ್ರಿ ಅಂದ. ನಾವು ಏನು ಮಾಡಿದೆವು? "ಸಂಘ ಬೆಳೆಸಾಲ ಕೊಡತೈತಪಾ, ಮಿಲ್ಲಿಗೆ ಕೊಟ್ಟ ರೂಢಿ ಇಲ್ಲ" ಅಂದೆವು. ಮತ್ತೆ ಬಂದ. ಇಬ್ಬರು ಜಾಮೀನುದಾರರನ್ನು ಕರಕೊಂಡು ಬಾ ಅಂದೆವು. ಕರಕೊಂಡು ಬಂದ. ಮುಂದಿನ ಸಭೆಗೆ ಇಡೋಣ ಅಂದೆವು. ಆ ಸಭೆಗೆ ಕೋರಂ ಆಗಲಿಲ್ಲ. ಅದರ ಮುಂದಿನ ಸಭೆಯಲ್ಲಿ ಒಬ್ಬರು ಹೂಂ ಅಂದರು, ಒಬ್ಬರು ಹ್ಞೂಂಹೂಂ ಅಂದರು. ಇಲ್ಲ ಎಂದೂ ಹೇಳಲಿಲ್ಲ, ಆಯ್ತು ಎಂದೂ ಹೇಳಲಿಲ್ಲ. ಆರು ತಿಂಗಳು ಕಾದು ಆತ ಬೇರೆ ಊರಿಗೆ ಹೋದ. ಅಲ್ಲಿ ಬಾಡಿಗೆ ಶೆಡ್ಡಿನಲ್ಲಿ ಮಿಲ್ಲು ಹಾಕಿದ. ಇವತ್ತು ಆತನ ಕೈಕೆಳಗೆ ಒಂಬತ್ತು ಜನ ದುಡಿಯುತ್ತಾರೆ. ನಮ್ಮ ಹೊಲದ ಶೇಂಗಾ ಲಾರಿ ಬಾಡಿಗೆ ಕೊಟ್ಟು ಅಲ್ಲಿಗೆ ಹೋಗತೈತಿ, ಎಣ್ಣೆಯಾಗಿ ಮತ್ತೆ ಬಾಡಿಗೆ ಕೊಟ್ಟು ನಮ್ಮೂರ ಅಂಗಡಿಗೆ ಬರತೈತಿ. ಹಿಂಡಿಯನ್ನೂ ನಾವು ಅಲ್ಲಿಂದಲೇ ತಂದು ನಮ್ಮ ಎಮ್ಮೆಗೆ ಹಾಕುತ್ತೇವೆ.

ಮೊನ್ನೆ ಆತನಿಗೆ ಫೋನು ಮಾಡಿ "ಬೆಳ್ಳಿಹಬ್ಬಕ್ಕ ಬರ್ತೀಯೇನಪಾ?" ಎಂದು ಕೇಳಿದೆವು. "ಬರ್ತೀನ್ರಿ ಕಾಕಾ. ಆದರ ಮಿಲ್ಲು ಬರಂಗಿಲ್ಲ" ಅಂದ. ಸಿಟ್ಟಿನಿಂದ ಹೇಳಲಿಲ್ಲ, ನಗುತ್ತ ಹೇಳಿದ. ನಮಗೆ ಮಾತ್ರ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮೋಟುಪಲ್ಲಿಯ ರಾಜನ ಮಾತನ್ನು ಈಗ ನೆನಪು ಮಾಡಿಕೊಳ್ಳಿ. ಆ ಹುಡುಗನಿಗೆ ಬಡ್ಡಿ ಹೆಚ್ಚು ಎಂಬ ಚಿಂತೆ ಇರಲಿಲ್ಲ. ರಿಯಾಯಿತಿಯನ್ನೂ ಕೇಳಿರಲಿಲ್ಲ. ಹೂಂ ಅಥವಾ ಇಲ್ಲ ಎಂಬ ಒಂದು ಮಾತು ವೇಳೆಗೆ ಸರಿಯಾಗಿ ಬೇಕಾಗಿತ್ತು. ಅದನ್ನು ಕೊಡಲಿಕ್ಕೆ ನಮಗೆ ಒಂದು ಪೈಸೆ ಖರ್ಚಿರಲಿಲ್ಲ. ಹೊರಗಿನ ಕಂಪನಿ ಬರಲಿಲ್ಲ ಎಂದು ಅಳುವ ನಾವು, ಮನೆಯಲ್ಲಿ ಹುಟ್ಟಿದ ಉದ್ಯೋಗವನ್ನು ಕೈಯಾರೆ ಬಸ್ಸು ಹತ್ತಿಸಿ ಕಳಿಸಿದೆವು.

ಹಾಗಾದರೆ ಸಹಕಾರ ಸಂಘ ಏನು ಮಾಡಬಹುದು? ನಮ್ಮ ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1904ರ ಸಹಕಾರ ಕಾಯಿದೆಯ ಅಡಿಯಲ್ಲಿ ದೇಶದಲ್ಲೇ ಮೊದಲನೆಯದು ಎಂದು ಅದಕ್ಕೆ ಗೌರವ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಆಗಿನ ಗುರಿ. ಆಮೇಲೆ 1946ರಲ್ಲಿ ಗುಜರಾತಿನ ಆಣಂದದ ರೈತರು ಹಾಲಿನ ಸಂಘ ಕಟ್ಟಿದರು, ಅದೇ ಅಮೂಲ್ ಆಯಿತು. ನಮ್ಮ ಸೀಮೆಯ ಹಾಲು ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ ಒಕ್ಕೂಟಕ್ಕೆ ಹೋಗಿ ನಂದಿನಿ ಹೆಸರಿನಲ್ಲಿ ಮಾರಾಟವಾಗುತ್ತದೆ. ಈ ಹಾಲಿನ ಡೇರಿ ನಾಳೆ ಬೇರೆ ರಾಜ್ಯದವರು ಜಾಗ ಪುಕ್ಕಟೆ ಕೊಡ್ತೀವಿ ಅಂದರೆ ಎದ್ದು ಹೋಗುವುದಿಲ್ಲ. ಯಾಕಂದರೆ ಅದರ ಮಾಲೀಕರು ಇಲ್ಲಿನ ದನದ ಕೊಟ್ಟಿಗೆಯಲ್ಲಿದ್ದಾರೆ.

ಸ್ಪೇನ್ ದೇಶದ ಮೊಂಡ್ರಾಗಾನ್ ಎಂಬ ಸಣ್ಣ ಊರಿನಲ್ಲಿ 1956ರಲ್ಲಿ ಕಾರ್ಮಿಕರೇ ಮಾಲೀಕರಾದ ಕಾರ್ಖಾನೆ ಶುರುವಾಯಿತು. ಒಂದರಿಂದ ಹತ್ತಾರು ಸಹಕಾರಿ ಕಾರ್ಖಾನೆಗಳು ಹುಟ್ಟಿದವು. ಅದರಲ್ಲಿ ಫಾಗೋರ್ ಎಂಬ ದೊಡ್ಡ ಘಟಕ 2013ರಲ್ಲಿ ಮುಳುಗಿತು. ಸಹಕಾರ ಅಂದ ಮಾತ್ರಕ್ಕೆ ನಷ್ಟ ಆಗುವುದಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಆಗ ಕೆಲಸ ಕಳಕೊಂಡ ಬಹಳ ಜನರಿಗೆ ಉಳಿದ ಸಹಕಾರಿ ಘಟಕಗಳೇ ಕೆಲಸ ಕೊಟ್ಟವು. ಊರು ಊರಾಗಿ ಉಳಿಯಿತು.

ನಮ್ಮ ಸಂಘ ಕಾರ್ಖಾನೆ ಕಟ್ಟಲಿ ಎಂದು ಈಗಲೇ ಹೇಳುವ ಧೈರ್ಯ ನಮಗಿಲ್ಲ. 2023ರಲ್ಲಿ ಕೇಂದ್ರ ಸಹಕಾರ ಮಂತ್ರಾಲಯದವರು ಪ್ರಾಥಮಿಕ ಸಂಘಗಳಿಗೆ ಮಾದರಿ ಉಪವಿಧಿ ಕಳಿಸಿದ್ದಾರೆ. ಗೋದಾಮು, ಧಾನ್ಯ ಸಂಸ್ಕರಣೆ ಸೇರಿ 25ಕ್ಕೂ ಹೆಚ್ಚು ಬಗೆಯ ಕೆಲಸ ಮಾಡಬಹುದು ಎಂದು ಅದರಲ್ಲಿದೆ. ದಾರಿ ಇದೆ. ನಡೆಯುವ ಮೊದಲು ನಾಲ್ಕು ಸಣ್ಣ ಹೆಜ್ಜೆಗಳನ್ನು ಈ ಸಭೆಯ ಮುಂದೆ ಇಡುತ್ತೇವೆ.

ಮೊದಲನೆಯದು. ಸಣ್ಣ ಉದ್ಯೋಗಕ್ಕೆ ಸಾಲದ ಅರ್ಜಿ ಬಂದರೆ 30 ದಿನದೊಳಗೆ ಹೂಂ ಅಥವಾ ಇಲ್ಲ ಎಂದು ಬರೆದು ಕೊಡಬೇಕು. ಇಲ್ಲ ಅಂದರೆ ಕಾರಣ ಬರೆಯಬೇಕು. ಮಹಾಸಭೆಯಲ್ಲಿ ಠರಾವು ಮಾಡಿ ಇದನ್ನು ನೋಟೀಸು ಬೋರ್ಡಿಗೆ ಹಚ್ಚಬೇಕು.

ಎರಡನೆಯದು. ಊರಲ್ಲಿ ಈಗ ಇರುವ ಉದ್ಯೋಗಗಳ ಪಟ್ಟಿ ಮಾಡಬೇಕು. ಹಿಟ್ಟಿನ ಗಿರಣಿ, ಬಡಿಗರ ಶೆಡ್ಡು, ಕಂಬಳಿ ನೇಯುವವರು, ಹೊಲಿಗೆ ಯಂತ್ರದ ತಾಯಂದಿರು, ಪಂಕ್ಚರ್ ಅಂಗಡಿ, ಖಾನಾವಳಿ, ರೊಟ್ಟಿ ಬಡಿದು ಮಾರುವವರು. ವರ್ಷಕ್ಕೊಮ್ಮೆ ಸಂಘದ ಇಬ್ಬರು ಪ್ರತಿಯೊಬ್ಬರ ಬಾಗಿಲಿಗೆ ಹೋಗಿ "ಏನು ತ್ರಾಸ ಐತ್ರಿ?" ಎಂದು ಕೇಳಿ ಬರಕೊಂಡು ಬರಬೇಕು. ಒಬ್ಬರಿಗೆ ತ್ರೀ ಫೇಸ್ ಕರೆಂಟು, ಒಬ್ಬರಿಗೆ ಮಳೆಗಾಲದಲ್ಲಿ ರಸ್ತೆ, ಒಬ್ಬರಿಗೆ ಉದ್ರಿ ವಸೂಲಿ. ಪರದೇಶದ ಪಟ್ಟಣಗಳಲ್ಲಿ ನಗರಸಭೆಯವರು ಇದಕ್ಕೆಂದೇ ಜನರನ್ನು ಇಟ್ಟಿರುತ್ತಾರೆ. ನಮಗೆ ಒಂದು ನೋಟುಬುಕ್ಕು, ಒಂದು ಪೆನ್ನು ಸಾಕು.

ಮೂರನೆಯದು. ಶೇಂಗಾ, ತೊಗರಿ ಒಣಗಿಸಲಿಕ್ಕೆ ಒಂದು ಸಿಮೆಂಟಿನ ಕಣ, ಮೋಸವಿಲ್ಲದ ತೂಕದ ಕಾಟಾ, ಬೀಗ ಗಟ್ಟಿ ಇರುವ ಗೋದಾಮು. ತೂಕ ಸರಿಯಾಗಿರುವ ಊರಿಗೆ ವ್ಯಾಪಾರಸ್ಥ ತಾನಾಗಿ ಬರುತ್ತಾನೆ. ಬಂದವನು ಹೋದರೂ ಕಣ ಇಲ್ಲೇ ಇರುತ್ತದೆ.

ನಾಲ್ಕನೆಯದು ಗ್ರಾಮಸಭೆಗೆ ಸೇರಿದ್ದು. ಹೊರಗಿನವರು ದೊಡ್ಡ ಉದ್ಯಮ ಹಾಕುತ್ತೇವೆ, ಜಾಗ ಕೊಡಿ ಎಂದು ಬಂದರೆ ಬಾಗಿಲು ಹಾಕಬಾರದು. ಚಹಾ ಕೊಟ್ಟು ಕೂಡಿಸಿ ನಾಲ್ಕು ಪ್ರಶ್ನೆ ಕೇಳಬೇಕು. ನೀರು ಎಲ್ಲಿಂದ ತರುತ್ತೀರಿ? ಹೊಲಸು ನೀರು, ಹೊಗೆ ಎಲ್ಲಿಗೆ ಬಿಡುತ್ತೀರಿ? ನಮ್ಮ ಹುಡುಗ-ಹುಡುಗಿಯರಿಗೆ ಎಷ್ಟು ಕೆಲಸ, ಯಾವ ಕೆಲಸ, ಎಷ್ಟು ವರ್ಷದೊಳಗೆ? ಕಾರ್ಖಾನೆ ಏಳದಿದ್ದರೆ ಜಾಗ ವಾಪಸು ಯಾವಾಗ? ನಾಲ್ಕಕ್ಕೂ ಉತ್ತರ ಕಾಗದದ ಮೇಲೆ ಬೇಕು. ಒಳ್ಳೆಯ ಉದ್ಯಮಿ ಈ ಪ್ರಶ್ನೆಗೆ ಹೆದರುವುದಿಲ್ಲ.

ಬಾಂಧವರೆ, 2025ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿತು. ಕಾಲುವೆ ನಮ್ಮ ಹೊಲಕ್ಕೆ ಬರಲಿಲ್ಲ, ರೈಲು ನಮ್ಮೂರಿಗೆ ಬಂದಿಲ್ಲ. ಅವನ್ನು ಕೇಳುವುದನ್ನು ಬಿಡಬಾರದು, ಕೇಳುತ್ತಲೇ ಇರೋಣ. ಅವು ನಮ್ಮ ಕೈಯಲ್ಲಿಲ್ಲ. ವೇಳೆಗೆ ಸರಿಯಾಗಿ ಒಂದು ಮಾತು ಹೇಳುವುದು, ತೂಕ ಸರಿ ಇಡುವುದು, ಇದ್ದವರ ಬಾಗಿಲಿಗೆ ಹೋಗಿ ಕೇಳುವುದು ನಮ್ಮ ಕೈಯಲ್ಲಿದೆ.

ಆ ಎಣ್ಣೆ ಮಿಲ್ಲಿನ ಹುಡುಗ ಇವತ್ತು ಮಾತು ಉಳಿಸಿಕೊಂಡು ಬಂದಿದ್ದಾನೆ. ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಆತನ ಮಿಲ್ಲನ್ನು ಎತ್ತಿಕೊಂಡು ಬಾ ಎಂದು ಕೇಳುವ ಮುಖ ನಮಗಿಲ್ಲ. ಆದರೆ ಆತನ ಹತ್ತಿರ ಕೆಲಸ ಕಲಿಯುತ್ತಿರುವ ನಮ್ಮೂರ ಹುಡುಗರು ನಾಲ್ಕು ಜನ ಇದ್ದಾರಂತೆ. ಅವರಲ್ಲಿ ಒಬ್ಬ ನಾಳೆ ಅರ್ಜಿ ಹಿಡಕೊಂಡು ಸಂಘದ ಮೆಟ್ಟಿಲು ಹತ್ತಿದರೆ, ಈ ಸಲ 30 ದಿನದೊಳಗೆ ಉತ್ತರ ಕೊಡೋಣ. ಅಷ್ಟಾದರೆ ಈ ಬೆಳ್ಳಿಹಬ್ಬ ಮಾಡಿದ್ದು ಸಾರ್ಥಕವಾದಂತೆ.